ರೈತನ ಬೈಕಿಗೆ ಯಾವ ಟೈರು?

ಬಿತ್ತನೆ ಬೀಜ ಕೊಳ್ಳುವಾಗ ನಮ್ಮ ರೈತರು ತೋರುವ ಎಚ್ಚರ ಮೆಚ್ಚತಕ್ಕದ್ದು. ಚೀಲದ ಮೇಲಿನ ಚೀಟಿ ಓದುತ್ತಾರೆ, ತಳಿಯ ಹೆಸರು ಕೇಳುತ್ತಾರೆ, ಕಳೆದ ವರ್ಷ ಅದನ್ನು ಬಿತ್ತಿದವರ ಹೊಲಕ್ಕೆ ಹೋಗಿ ನೋಡಿ ಬರುತ್ತಾರೆ. ಆದರೆ ಅದೇ ರೈತರು ಬೈಕಿನ ಟೈರು ಸವೆದಾಗ ಅಂಗಡಿಗೆ ಹೋಗಿ, 'ಗಟ್ಟಿಯಾದದ್ದು ಒಂದು ಹಾಕಪ್ಪ' ಎಂದು ಹೇಳಿ ಬೆಂಚಿನ ಮೇಲೆ ಕುಳಿತುಬಿಡುತ್ತಾರೆ. ಬೀಜ ಕೈಕೊಟ್ಟರೆ ಒಂದು ಬೆಳೆ ಹೋಗುತ್ತದೆ. ಟೈರು ಕೈಕೊಟ್ಟರೆ ಮನೆಯ ದುಡಿಯುವ ಕೈಯೇ ಹೋದೀತು. ಆದ್ದರಿಂದ ಮಳೆಗಾಲಕ್ಕೆ ಮುಂಚೆ ಈ ವಿಷಯವನ್ನು ಕೃಷಿ ಪುಟದಲ್ಲಿ ಎತ್ತಿಕೊಳ್ಳುವುದು ಅಪ್ರಸ್ತುತವಾಗಲಾರದು.

ಬೈಕು ಇಂದು ನೇಗಿಲು, ಕುಂಟೆಗಳಂತೆ ಒಂದು ಕೃಷಿ ಉಪಕರಣವೇ ಆಗಿದೆ. ಡೇರಿಗೆ ಹಾಲು, ಹೊಲಕ್ಕೆ ಗೊಬ್ಬರದ ಚೀಲ, ತೋಟಕ್ಕೆ ಸ್ಪ್ರೇಯರು, ಕೊಟ್ಟಿಗೆಗೆ ಮೇವಿನ ಹೊರೆ, ಶಾಲೆಗೆ ಮಕ್ಕಳು, ಎಲ್ಲವೂ ಅದರ ಮೇಲೆಯೇ. ಬೆಳಗಿನ ಒಂದು ಸುತ್ತಿನಲ್ಲಿ ಅದು ಬದುವಿನ ಪಕ್ಕದ ಕೆಸರನ್ನೂ ತುಳಿಯುತ್ತದೆ, ಟಾರು ರಸ್ತೆಯನ್ನೂ ತುಳಿಯುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆಯಂತೆ, ಈ ಎರಡು ದಾರಿಗಳು ಟೈರನ್ನು ಎರಡು ಕಡೆಗೆ ಎಳೆಯುತ್ತವೆ. ಕೆಸರಿಗೆ ಒಳ್ಳೆಯದಾದದ್ದು ಟಾರಿಗೆ ಒಳ್ಳೆಯದಲ್ಲ. ಟಾರಿಗೆ ಒಳ್ಳೆಯದಾದದ್ದು ಕೆಸರಿನಲ್ಲಿ ಜಾರುತ್ತದೆ.

ಈ ಎರಡಕ್ಕೂ ಆಗಲೆಂದು ಮಾಡಿದ ಟೈರುಗಳನ್ನು ಅಂಗಡಿಯವರು 'ಡ್ಯುಯಲ್ ಪರ್ಪಸ್' ಎಂದು ಕರೆಯುತ್ತಾರೆ. 2011ರಲ್ಲಿ ಹೀರೋ ಇಂಪಲ್ಸ್, 2016ರಲ್ಲಿ ರಾಯಲ್ ಎನ್‌ಫೀಲ್ಡ್ ಹಿಮಾಲಯನ್, 2019ರಲ್ಲಿ ಹೀರೋ ಎಕ್ಸ್‌ಪಲ್ಸ್ ಬೈಕುಗಳು ಬಂದ ಮೇಲೆ ಇಂಥ ಟೈರು ಹಳ್ಳಿಯ ಯುವಕರ ಕಣ್ಣಿಗೂ ಬಿದ್ದಿದೆ. ಅದನ್ನು ಕಂಡು, ಹಾಲು ಹಾಕುವ ನೂರು ಸಿಸಿ ಬೈಕಿಗೂ ದಪ್ಪ ಬಟನ್ ಟೈರು ಹಾಕಿಸುವ ಚಾಳಿ ಬೆಳೆಯುತ್ತಿದೆ. ನನ್ನ ಅಭಿಪ್ರಾಯದಲ್ಲಿ ನಮ್ಮ ಬಹುಪಾಲು ರೈತರಿಗೆ ಬೇಕಾದದ್ದು ಎರಡಕ್ಕೂ ಆಗುವ ಟೈರೇ ಹೌದು. ಆದರೆ ಅದು ಟಾರಿನ ಕಡೆಗೆ ವಾಲಿದ್ದಾಗಿರಬೇಕು. ಹೀಗೇಕೆ ಎಂಬುದನ್ನು ಮುಂದೆ ನೋಡೋಣ.

ಬಟನ್ನು ಮಾಡುವ ಕೆಲಸ

ಟ್ರಾಕ್ಟರನ್ನು ಬಲ್ಲವರಿಗೆ ಇದನ್ನು ತಿಳಿಸುವುದು ಸುಲಭ. ಟ್ರಾಕ್ಟರಿನ ಹಿಂದಿನ ಟೈರಿಗೆ ಓರೆಯಾದ ದಪ್ಪ ಹಲ್ಲುಗಳಿರುತ್ತವೆ. ಅವು ಮಣ್ಣಿಗೆ ಇಳಿದು ಹಿಡಿಯುತ್ತವೆ, ನಡುವಿನ ಸಂದು ಮಣ್ಣನ್ನು ಹೊರಕ್ಕೆ ಚೆಲ್ಲುತ್ತದೆ. ಗದ್ದೆಯ ರೊಳ್ಳೆಗೆ ಇದೂ ಸಾಲದೆ ಕೇಜ್ ವ್ಹೀಲ್ ಹಾಕುತ್ತೇವೆ. ಆದರೆ ಅದೇ ಟ್ರಾಕ್ಟರು ಟಾರು ರಸ್ತೆಯಲ್ಲಿ ದಿನವೂ ಟ್ರೇಲರ್ ಎಳೆದರೆ ಹಲ್ಲುಗಳು ಬೇಗನೆ ಸವೆಯುತ್ತವೆ. ಗಟ್ಟಿ ನೆಲದಲ್ಲಿ ಹಲ್ಲು ಇಳಿಯಲು ಜಾಗವಿಲ್ಲ. ಅದರ ತುದಿ ಮಾತ್ರ ನೆಲ ಮುಟ್ಟುತ್ತದೆ.

ಬೈಕಿನ ಬಟನ್ ಟೈರಿನದೂ ಇದೇ ಕಥೆ. ಬಟನ್ನು ಎತ್ತರವಾಗಿ, ಸಂದು ಅಗಲವಾಗಿ ಇದ್ದಷ್ಟೂ ಸಡಿಲ ಮಣ್ಣಿನಲ್ಲಿ ಹಿಡಿತ ಹೆಚ್ಚು. ಟಾರಿನ ಮೇಲಾದರೋ ನೆಲ ಮುಟ್ಟುವ ರಬ್ಬರು ಕಡಿಮೆಯಾಗುತ್ತದೆ. ಬ್ರೇಕು ಹಾಕಿದಾಗ ಎತ್ತರದ ಬಟನ್ನು ಬಾಗುತ್ತದೆ, ತಿರುವಿನಲ್ಲಿ ಬೈಕು ಅಲುಗಿದಂತಾಗುತ್ತದೆ, ವೇಗದಲ್ಲಿ ಗುಂಯ್‌ಗುಡುತ್ತದೆ, ಬಿಸಿಲಿನಲ್ಲಿ ಬೇಗ ಕಾದು ಬೇಗ ಸವೆಯುತ್ತದೆ. ಬ್ರೇಕು ನಿಲ್ಲಿಸುವುದು ಚಕ್ರವನ್ನು. ಗಾಡಿಯನ್ನು ನಿಲ್ಲಿಸುವುದು ನೆಲ ಮುಟ್ಟಿದ ಅಂಗೈಯಷ್ಟು ರಬ್ಬರು ಮಾತ್ರ ಎಂಬುದನ್ನು ಮರೆಯಬಾರದು.

ಮೊದಲು ದಾರಿ ಅಳೆಯಿರಿ

ಟೈರು ತಯಾರಕರು ಈ ಬಗೆಯ ಟೈರುಗಳಿಗೆ ಟಾರಿಗೆ ಇಷ್ಟು, ಮಣ್ಣಿಗೆ ಇಷ್ಟು ಎಂದು ಪಾಲು ಹೇಳುವುದುಂಟು. 90ಕ್ಕೆ 10, 80ಕ್ಕೆ 20, 50ಕ್ಕೆ 50 ಎಂಬ ಲೆಕ್ಕ ಇದೇ. ಇದು ಪರೀಕ್ಷೆ ಮಾಡಿ ಕೊಟ್ಟ ಅಂಕವಲ್ಲ, ತಯಾರಕರ ಅಂದಾಜು ಮಾತ್ರ. ಆದರೂ ಆರಿಸಲು ಉಪಯುಕ್ತ.

ನಿಮ್ಮ ಪಾಲು ಯಾವುದು ಎಂದು ತಿಳಿಯಲು ಒಂದು ವಾರ ಬೈಕಿನ ಮೀಟರು ನೋಡಿ ಬರೆದಿಡಿ. ಮನೆಯಿಂದ ಹೊಲಕ್ಕೆ ಎರಡು ಕಿಲೋಮೀಟರು ಮಣ್ಣಿನ ದಾರಿ, ಪೇಟೆಗೆ ಹದಿನೈದು ಕಿಲೋಮೀಟರು ಟಾರು ಎಂದಾದರೆ, ಹೊಲಕ್ಕೆ ದಿನಕ್ಕೆರಡು ಸಲ, ಪೇಟೆಗೆ ಒಂದು ಸಲ ಹೋಗಿ ಬಂದರೂ ಮಣ್ಣಿನಲ್ಲಿ ಎಂಟು, ಟಾರಿನಲ್ಲಿ ಮೂವತ್ತು ಕಿಲೋಮೀಟರು ಆಯಿತು. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ 2000ರಲ್ಲಿ ಆರಂಭವಾದ ಮೇಲೆ ಅನೇಕ ಹಳ್ಳಿಗಳ ದಾರಿಗೆ ಟಾರು ಬಂದಿದೆ. ಆದರೂ 'ನಾವು ಓಡಿಸುವುದೆಲ್ಲ ಕೆಸರಿನಲ್ಲೇ' ಎಂಬ ಹಳೆಯ ಭಾವನೆ ಮನಸ್ಸಿನಿಂದ ಹೋಗಿಲ್ಲ.

ಇನ್ನೊಂದು ಮಾತು ಇದಕ್ಕಿಂತ ಮುಖ್ಯವಾದದ್ದು. ಕೆಸರಿನಲ್ಲಿ ಬೈಕು ಹೋಗುವುದು ಗಂಟೆಗೆ ಹತ್ತು ಹದಿನೈದು ಕಿಲೋಮೀಟರು ವೇಗದಲ್ಲಿ. ಜಾರಿ ಬಿದ್ದರೂ ಸಾಮಾನ್ಯವಾಗಿ ಪಂಚೆ ಕೊಡವಿಕೊಂಡು ಏಳುತ್ತೇವೆ. ಟಾರಿನ ಮೇಲೆ ನಲವತ್ತು ಐವತ್ತರ ವೇಗದಲ್ಲಿ, ಹಿಂದೆ ಹಾಲಿನ ಕ್ಯಾನು, ಎದುರಿಗೆ ಲಾರಿ ಇರುವಾಗ, ಮೊದಲ ಮಳೆಗೆ ಧೂಳು ಎಣ್ಣೆ ಕಲೆತು ನುಣುಪಾದ ರಸ್ತೆಯಲ್ಲಿ ಜಾರಿದರೆ ಏಳುವ ಭರವಸೆಯಿಲ್ಲ. ಕೆಸರಿನಲ್ಲಿ ಸಿಕ್ಕಿಕೊಳ್ಳುವುದು ತೊಂದರೆ. ಟಾರಿನಲ್ಲಿ ಜಾರುವುದು ಅಪಾಯ. ಟೈರು ಆರಿಸುವಾಗ ಅಪಾಯಕ್ಕೆ ಮೊದಲ ಸ್ಥಾನ, ತೊಂದರೆಗೆ ಎರಡನೆಯ ಸ್ಥಾನ ಕೊಡುವುದು ವಿವೇಕ. ಆದ್ದರಿಂದಲೇ 80ಕ್ಕೆ 20ರ ಬಗೆಯ, ಅಂದರೆ ನಡುವೆ ರಬ್ಬರು ಒತ್ತಾಗಿದ್ದು, ಅಂಚಿನಲ್ಲಿ ಮಾತ್ರ ಸಂದು ಅಗಲವಾಗಿರುವ ಟೈರು ಹೆಚ್ಚಿನವರಿಗೆ ಸಾಕು. ಮೇಲೆ ಹೇಳಿದ ಹಿಮಾಲಯನ್ ಬೈಕಿಗೂ ಕಾರ್ಖಾನೆಯಿಂದ ಬಂದದ್ದು ಮಧ್ಯಮ ಬಟನ್ನಿನ ಟೈರೇ ಹೊರತು ರೇಸಿನ ಟೈರಲ್ಲ.

ಮಣ್ಣಿಗೆ ತಕ್ಕಂತೆ

ಮಣ್ಣು ನೋಡಿ ಬೆಳೆ ಆರಿಸುವಂತೆ ಟೈರನ್ನೂ ಆರಿಸಬೇಕು.

ಧಾರವಾಡ, ಗದಗ, ವಿಜಯಪುರ, ಕಲಬುರಗಿ ಕಡೆಯ ಎರೆಭೂಮಿಯ ಜಿಗುಟು ಎಲ್ಲರಿಗೂ ಗೊತ್ತು. ನೆನೆದ ಎರೆಮಣ್ಣು ಬಟನ್ನಿನ ಸಂದುಗಳನ್ನು ಹತ್ತಾರು ಗಜದೊಳಗೆ ತುಂಬಿಬಿಡುತ್ತದೆ. ಆಮೇಲೆ ಬಟನ್ ಟೈರೂ ಒಂದೇ, ಬೋಳು ಟೈರೂ ಒಂದೇ. ಮಡ್‌ಗಾರ್ಡಿನೊಳಗೆ ಮಣ್ಣು ಕಟ್ಟಿ ಚಕ್ರ ತಿರುಗುವುದೇ ನಿಲ್ಲುತ್ತದೆ. ಒಣಗಿದ ಮೇಲೆ ಆ ದಾರಿಗೆ ಸಾಮಾನ್ಯ ಟೈರೇ ಸಾಕು. ಆದ್ದರಿಂದ ಎರೆಭೂಮಿಯ ರೈತರು ದಪ್ಪ ಬಟನ್ನಿಗೆ ಹಣ ಸುರಿಯುವುದು ವ್ಯರ್ಥ. ಮಳೆ ಬಂದ ದಿನ ಬೈಕನ್ನು ರಸ್ತೆಯಲ್ಲಿ ಬಿಟ್ಟು ನಡೆಯುವುದೇ ಮೇಲು.

ಕೋಲಾರ, ತುಮಕೂರು, ಚಿತ್ರದುರ್ಗದ ಕೆಂಪು ಮಣ್ಣಿನ ದಾರಿ, ನಾಲಾ ಪಕ್ಕದ ಗರಸಿನ ದಾರಿ ಇವುಗಳಲ್ಲಿ ಜಾರಿಸುವುದು ಸಡಿಲ ಕಲ್ಲು, ಮರಳು. ಮಧ್ಯಮ ಬಟನ್ನಿನ ಟೈರು ಇಲ್ಲಿ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಜಾಲಿ ಮುಳ್ಳಿನ ಕಾಟವಿರುವಲ್ಲಿ ಟ್ಯೂಬ್‌ಲೆಸ್ ಟೈರಿನ ಗಾಳಿ ಒಮ್ಮೆಲೇ ಹೋಗದೆ ನಿಧಾನವಾಗಿ ಇಳಿಯುವುದರಿಂದ ಅದು ಅನುಕೂಲ. ಆದರೆ ಅದಕ್ಕೆ ತಕ್ಕ ರಿಮ್ ಇರಬೇಕು. ಕಡ್ಡಿ ಚಕ್ರಗಳಿಗೆ ಸಾಮಾನ್ಯವಾಗಿ ಟ್ಯೂಬಿನ ಟೈರನ್ನೇ ಹಾಕತಕ್ಕದ್ದು.

ಮಲೆನಾಡು, ಕರಾವಳಿಯ ತೋಟದ ದಾರಿಗಳಲ್ಲಿ ಏರು ಹೆಚ್ಚು, ಮಳೆ ಹೆಚ್ಚು. ಜಂಬಿಟ್ಟಿಗೆ ಮಣ್ಣಿನ ಏರು ಹತ್ತಲು ಹಿಂದಿನ ಚಕ್ರಕ್ಕೆ ಬಟನ್ನು ಬೇಕು. ಆದರೆ ಅಲ್ಲಿ ಮೋಸ ಮಾಡುವುದು ಪಾಚಿ ಕಟ್ಟಿದ ಕಾಂಕ್ರೀಟು ರಸ್ತೆ. ಪಾಚಿಯ ಮೇಲೆ ಯಾವ ಬಟನ್ನೂ ಇಳಿಯದು. ಅಲ್ಲಿ ನಿಧಾನವೇ ಮದ್ದು. ಮೆದು ರಬ್ಬರಿನ, ಸಣ್ಣ ಸೀಳುಗಳಿರುವ ಟೈರು ಸ್ವಲ್ಪ ನೆರವಾಗುತ್ತದೆ. 'ವರ್ಷಗಟ್ಟಲೆ ಸವೆಯುವುದಿಲ್ಲ' ಎಂದು ಹೊಗಳಿಸಿಕೊಳ್ಳುವ ಗಟ್ಟಿ ರಬ್ಬರಿನ ಟೈರು ಒದ್ದೆ ನೆಲದಲ್ಲಿ ಹಿಡಿಯುವುದು ಕಡಿಮೆ ಎಂಬುದು ನೆನಪಿರಲಿ.

ಮುಂದಿನ ಚಕ್ರ, ಹಿಂದಿನ ಚಕ್ರ

ಹಿಂದಿನ ಚಕ್ರ ತಳ್ಳುತ್ತದೆ. ಮುಂದಿನದು ದಾರಿ ಹಿಡಿಯುತ್ತದೆ ಮತ್ತು ಬ್ರೇಕಿನ ಹೆಚ್ಚು ಭಾರ ಹೊರುತ್ತದೆ. ಹಿಂದಿನದು ಜಾರಿದರೆ ಸಾವರಿಸಿಕೊಳ್ಳಲು ಅವಕಾಶವುಂಟು, ಮುಂದಿನದು ಜಾರಿದರೆ ಬೀಳುವುದೇ. ಹೀಗಿರುವಾಗ ಹಿಂದಿನ ಸವೆದ ಟೈರನ್ನು ಮುಂದಕ್ಕೆ ಹಾಕಿಸಿ ಹಿಂದಕ್ಕೆ ಹೊಸದು ಹಾಕಿಸುವ ಪದ್ಧತಿ ಉಳಿತಾಯವಲ್ಲ, ಅಪಾಯ. ನನ್ನ ಸಲಹೆ ಇಷ್ಟು: ಬಟನ್ನು ಬೇಕೇ ಬೇಕಾದವರು ಹಿಂದಕ್ಕೆ ಮಧ್ಯಮ ಬಟನ್ನು ಹಾಕಿಸಿ, ಮುಂದಕ್ಕೆ ಮುಂದಿನ ಚಕ್ರಕ್ಕೆಂದೇ ಮಾಡಿದ, ಟಾರಿನ ಕಡೆ ವಾಲಿದ ಟೈರು ಹಾಕಿಸಿ. ಟೈರಿನ ಪಕ್ಕದಲ್ಲಿರುವ ಬಾಣದ ಗುರುತು ಚಕ್ರ ತಿರುಗುವ ಕಡೆಗೆ ಇದೆಯೇ ಎಂದು ನೋಡಿ.

ಟೈರಿನ ಪಕ್ಕದ ಬರಹ

ಬೀಜದ ಚೀಲಕ್ಕೆ ಚೀಟಿ ಇರುವಂತೆ ಟೈರಿನ ಪಕ್ಕದಲ್ಲಿಯೂ ವಿವರ ಅಚ್ಚಾಗಿರುತ್ತದೆ. 2.75-18 ಎಂದರೆ ಟೈರಿನ ಅಗಲ 2.75 ಇಂಚು, ರಿಮ್ 18 ಇಂಚು. ಬೈಕಿನ ಪುಸ್ತಕದಲ್ಲಿ ಹೇಳಿದ ಅಳತೆಯನ್ನೇ ಹಾಕಬೇಕು. ಶೋಕಿಗಾಗಿ ಅಗಲದ ಟೈರು ಹಾಕಿಸಿದರೆ ಅದು ಚೈನಿಗೋ ಮಡ್‌ಗಾರ್ಡಿಗೋ ಉಜ್ಜೀತು, ಕೆಸರು ಬೇಗ ಕಟ್ಟೀತು. ಹಿಮಾಲಯನ್, ಎಕ್ಸ್‌ಪಲ್ಸ್ ಬೈಕುಗಳ ಮುಂದಿನ ಚಕ್ರ 21 ಇಂಚಿನದು; ಆ ಟೈರು ನಮ್ಮ 17, 18 ಇಂಚಿನ ಚಕ್ರಗಳಿಗೆ ಕೂರುವುದೇ ಇಲ್ಲ.

ಅಳತೆಯ ಪಕ್ಕದಲ್ಲಿ 42ಪಿ ಅಥವಾ 48ಪಿ ಎಂಬಂಥ ಗುರುತಿರುತ್ತದೆ. ಅಂಕಿಯು ಭಾರ ಹೊರುವ ಶಕ್ತಿಯ ಸಂಕೇತ, ಅಕ್ಷರ ವೇಗದ ಮಿತಿ. 42 ಎಂದರೆ 150 ಕಿಲೋ, 48 ಎಂದರೆ 180 ಕಿಲೋ, 52 ಎಂದರೆ 200 ಕಿಲೋ. ಹಾಲು ಹಾಕುವವರು ಇಲ್ಲಿ ಲೆಕ್ಕ ಹಾಕಬೇಕು. 40 ಲೀಟರಿನ ಎರಡು ಕ್ಯಾನು ತುಂಬಿದರೆ ಹಾಲೇ 82 ಕಿಲೋ ಆಗುತ್ತದೆ, ಕ್ಯಾನಿನ ತೂಕ ಬೇರೆ. ಬೈಕಿನ ಮತ್ತು ಸವಾರನ ಭಾರದ ಹೆಚ್ಚು ಪಾಲೂ ಹಿಂದಿನ ಚಕ್ರದ ಮೇಲೆಯೇ. ಎಲ್ಲ ಸೇರಿದರೆ ಹಿಂದಿನ ಟೈರಿನ ಮೇಲೆ 180 ಕಿಲೋ ಮೀರುವುದು ಕಷ್ಟವಲ್ಲ. ಒಂದೇ ಅಳತೆಯ ಟೈರಿನಲ್ಲಿ 42ರದ್ದೂ 48ರದ್ದೂ ಸಿಗುವುದರಿಂದ, ಅಗ್ಗವೆಂದು 42ರದ್ದನ್ನು ತರಬೇಡಿ. ಭಾರ ಅದಕ್ಕೂ ಮೀರುವುದಾದರೆ ಎರಡು ಸಲ ಹೋಗಿ ಬರುವುದೇ ಸರಿ.

ಇನ್ನು ನಾಲ್ಕು ಅಂಕಿಗಳ ಒಂದು ಗುರುತು ಇರುತ್ತದೆ. 2324 ಎಂದಿದ್ದರೆ 2024ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದದ್ದು ಎಂದರ್ಥ. ವರ್ಷಗಟ್ಟಲೆ ಅಂಗಡಿಯಲ್ಲಿ ಕುಳಿತ ಟೈರಿನ ರಬ್ಬರು ಗಡಸಾಗುತ್ತದೆ. ಹಳೆಯ ಬೀಜದಂತೆ ಅದನ್ನೂ ಬೇಡವೆನ್ನಿ. ಐ.ಎಸ್.ಐ. ಗುರುತು ಇರಲೇಬೇಕು. ಸಂದಿನೊಳಗೆ ಅಲ್ಲಲ್ಲಿ ಸಣ್ಣ ಉಬ್ಬುಗಳಿರುತ್ತವೆ. ಸವೆದು ಮೇಲಿನ ರಬ್ಬರು ಈ ಉಬ್ಬಿನ ಮಟ್ಟಕ್ಕೆ ಬಂದರೆ ಟೈರಿನ ಆಯುಸ್ಸು ಮುಗಿಯಿತು. ದ್ವಿಚಕ್ರ ವಾಹನದಲ್ಲಿ ಈ ಮಟ್ಟ 0.8 ಮಿಲಿಮೀಟರು. ಮಳೆಗಾಲ ಎದುರಿಗಿದ್ದರೆ ಅಲ್ಲಿಯವರೆಗೂ ಕಾಯದಿರುವುದು ಲೇಸು. ಹೊಸ ಟೈರಿನ ಮೈ ಮೊದಲು ನುಣುಪಾಗಿರುವುದರಿಂದ ಮೊದಲ ನೂರು ಕಿಲೋಮೀಟರು ನಿಧಾನವಾಗಿ ಓಡಿಸಿ.

ಗಾಳಿಯ ಲೆಕ್ಕ

ಎಂಥ ಟೈರೇ ಆಗಲಿ, ಗಾಳಿ ಸರಿಯಿಲ್ಲದಿದ್ದರೆ ಕೊಟ್ಟ ಹಣ ನೀರುಪಾಲು. ಒಬ್ಬರಿದ್ದಾಗ ಎಷ್ಟು, ಭಾರವಿದ್ದಾಗ ಎಷ್ಟು ಎಂದು ಬೈಕಿನ ಪುಸ್ತಕದಲ್ಲಿ ಬರೆದಿದೆ. ಭಾರ ಹೇರುವ ದಿನ ಹಿಂದಿನ ಚಕ್ರಕ್ಕೆ ಹೆಚ್ಚಿನ ಲೆಕ್ಕದಂತೆ ಗಾಳಿ ಹೊಡೆಸಿ. ಕೆಸರಿನಲ್ಲಿ ಗಾಳಿ ಇಳಿಸಿದರೆ ಟೈರು ಅಗಲವಾಗಿ ಕೂತು ಹಿಡಿತ ಹೆಚ್ಚುತ್ತದೆ ಎಂಬುದು ನಿಜ. ಆದರೆ ಬಹಳ ಇಳಿಸಿದರೆ ಟೈರು ರಿಮ್ಮಿನ ಮೇಲೆ ಜಾರಿ ಟ್ಯೂಬಿನ ವಾಲ್ವು ಹರಿಯುತ್ತದೆ. ಇಳಿಸಿದ ಗಾಳಿಯಲ್ಲೇ ಭಾರ ಹೊತ್ತು ಟಾರಿಗೆ ಬರುವುದಂತೂ ಕೂಡದು. ಹೊಲದ ಬದುವಿನಲ್ಲಿ ಗಾಳಿ ಹೊಡೆಯುವ ಪಂಪಿಲ್ಲದವರು ಈ ಉಪಾಯಕ್ಕೆ ಕೈಹಾಕದಿರುವುದೇ ಒಳ್ಳೆಯದು.

ಹೆಬ್ಬೆರಳಿನಿಂದ ಒತ್ತಿ 'ಗಾಳಿ ಇದೆ' ಎನ್ನುವುದು ಅಳತೆಯಲ್ಲ. ಆದರೆ ಎಷ್ಟೋ ಹಳ್ಳಿಗಳಲ್ಲಿ ಅಳತೆಯ ಗೇಜು ಸಿಗುವುದು ಪೇಟೆಯ ಪೆಟ್ರೋಲು ಬಂಕಿನಲ್ಲಿ ಮಾತ್ರ. ಗಾಳಿ ಕಡಿಮೆಯಿರುವ ಟೈರು ಅಷ್ಟು ದೂರ ಭಾರ ಹೊತ್ತ ಮೇಲೆಯೇ ಗಾಳಿ ಕಾಣುತ್ತದೆ. ಹಾಲು ಉತ್ಪಾದಕರ ಸಹಕಾರ ಸಂಘಗಳು ಇದನ್ನು ಮನಸ್ಸಿಗೆ ತೆಗೆದುಕೊಳ್ಳಬೇಕೆಂದು ನನ್ನ ವಿನಂತಿ. ಬೆಳಿಗ್ಗೆ ಸಂಜೆ ಊರಿನ ಬೈಕುಗಳು ಬಂದು ಸೇರುವುದು ಸಂಘದ ಅಂಗಳದಲ್ಲಿ. ಅಲ್ಲಿ ಒಂದು ಗಾಳಿ ಪಂಪು, ಒಂದು ಗೇಜು ಇಡುವ ಖರ್ಚು ಹೆಚ್ಚಿನದಲ್ಲ. ಹಾಲಿನ ಕೊಬ್ಬನ್ನು ಅಳೆಯುವ ಸಂಘ ಹಾಲು ತಂದವನ ಟೈರಿನ ಗಾಳಿಯನ್ನೂ ಅಳೆಯಲಿ.

ಮುಂದಿನ ಸಲ ಟೈರಿನ ಅಂಗಡಿಗೆ ಹೋದಾಗ ಬೆಂಚಿನ ಮೇಲೆ ಕೂರಬೇಡಿ. ಅಳತೆ, ಭಾರದ ಅಂಕಿ, ತಯಾರಾದ ವಾರ ಈ ಮೂರನ್ನು ನಿಮ್ಮ ಕಣ್ಣಿನಿಂದಲೇ ಓದಿ. ನಿಮ್ಮ ದಾರಿಯಲ್ಲಿ ಟಾರು ಎಷ್ಟು, ಮಣ್ಣು ಎಷ್ಟು ಎಂದು ಅಂಗಡಿಯವನಿಗೆ ಹೇಳಿ, ಆಮೇಲೆ ಟೈರು ಕೇಳಿ.