ಬೆರಳ ತುದಿಯ ಸಹಿ, ಉತ್ತರಿಸುವ ಹೊಣೆ

ಮೊಬೈಲಿನ ಪರದೆಯನ್ನೊತ್ತಿ ಮನವಿಗೆ ಹಾಕಿದ ಸಹಿಯಿಂದ ಪ್ರಭುತ್ವದ ಯಾವ ನಿರ್ಧಾರವೂ ಕದಲದೆಂದು ಹೇಳಿ ಅದನ್ನು ತಳ್ಳಿಹಾಕುವ ವಿಚಾರವಂತರು, ಸಹಿಯ ಸೌಲಭ್ಯವನ್ನಷ್ಟೇ ನೋಡುತ್ತಾರಲ್ಲದೆ, ಅದು ಯಾರನ್ನು ತಲುಪಿತು, ತಲುಪಿದ ಮೇಲೆ ಅದನ್ನು ಓದಿ ಉತ್ತರಿಸುವ ಹೊಣೆ ಅವರಿಗಿತ್ತೆ ಎಂಬುದನ್ನು ವಿಚಾರಿಸುವುದಿಲ್ಲ. ಫಲಾಫಲಗಳ ನಿರ್ಣಯವಾಗುವುದಾದರೋ ಅಲ್ಲಿಯೇ.

2015ರ ಮಾರ್ಚಿನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್, ಅಂತರ್ಜಾಲ ಸೇವೆಗಳ ನಿಯಂತ್ರಣವನ್ನು ಕುರಿತು 20 ಪ್ರಶ್ನೆಗಳನ್ನೊಳಗೊಂಡ ನೂರಕ್ಕೂ ಮಿಕ್ಕಿದ ಪುಟಗಳ ಸಮಾಲೋಚನಾ ಪತ್ರವನ್ನು ಪ್ರಕಟಿಸಿದಾಗ, ಸಾಮಾನ್ಯನು ಓದಿ ಮುಗಿಸಲಾರದ ಆ ಪತ್ರವನ್ನು ಸ್ವಯಂಸೇವಕರ ಗುಂಪೊಂದು ಅಭ್ಯಾಸಮಾಡಿ, ಪ್ರತಿಯೊಂದು ಪ್ರಶ್ನೆಗೂ ಉತ್ತರವನ್ನು ಸಿದ್ಧಪಡಿಸಿ, ಅದು ಜನರ ಹೆಸರಿನಲ್ಲಿ ಸುಲಭವಾಗಿ ಪ್ರಾಧಿಕಾರವನ್ನು ತಲುಪುವಂತೆ ಏರ್ಪಡಿಸಿತು. ಹೀಗೆ ಹೋದ ಇ-ಮೇಲ್‌ಗಳು 10 ಲಕ್ಷವನ್ನು ಮೀರಿದುವು. ಆ ವರ್ಷದ ಕೊನೆಯಲ್ಲಿ ದರಭೇದವನ್ನು, ಎಂದರೆ ಜಾಲತಾಣಕ್ಕೊಂದು ದರ ವಿಧಿಸುವುದನ್ನು, ಕುರಿತ ಮತ್ತೊಂದು ಸಮಾಲೋಚನೆ ನಡೆದಾಗ, ಫೇಸ್‌ಬುಕ್ ಸಂಸ್ಥೆಯೂ ಆಯ್ದ ಕೆಲವು ಜಾಲತಾಣಗಳನ್ನಷ್ಟೇ ಉಚಿತವಾಗಿ ಒದಗಿಸುವ ತನ್ನ ಫ್ರೀ ಬೇಸಿಕ್ಸ್ ಯೋಜನೆಯ ಪರವಾಗಿ ಬಳಕೆದಾರರಿಂದ ಲಕ್ಷಗಟ್ಟಲೆ ಸಂದೇಶಗಳನ್ನು ಕಳುಹಿಸಿತು. ಸಂಖ್ಯೆಯೇ ಪ್ರಮಾಣವಾಗಿದ್ದರೆ ಅದರ ಪಕ್ಷಕ್ಕೆ ಕೊರತೆಯಿರಲಿಲ್ಲ. ಆದರೆ ತಾನು ಕೇಳಿದ ಪ್ರಶ್ನೆಗಳಿಗೆ ಅವು ಉತ್ತರವಾಗಿರಲಿಲ್ಲವೆಂದು ಟ್ರಾಯ್ ಸ್ಪಷ್ಟಪಡಿಸಿತು. 2016ರ ಫೆಬ್ರವರಿ 8ರಂದು ಹೊರಟ ನಿಯಮವು ದರಭೇದವನ್ನು ನಿಷೇಧಿಸಿತು. ಉಭಯ ಪಕ್ಷಗಳದೂ ಬೆರಳಿನ ಸಹಿಯೇ. ಒಂದರ ಹಿಂದೆ ವಾದವಿತ್ತು, ಮತ್ತೊಂದರ ಹಿಂದೆ ಬರಿಯ ಜಯಕಾರ.

ಅದೇ ವರ್ಷ ಬೆಂಗಳೂರಿನಲ್ಲಿ, ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಉಕ್ಕಿನ ಮೇಲ್ಸೇತುವೆಗಾಗಿ ರಾಜ್ಯ ಸರ್ಕಾರವು ಎಂಟುನೂರಕ್ಕೂ ಹೆಚ್ಚು ಮರಗಳನ್ನು ಬಲಿಗೊಡಲು ಹೊರಟಾಗ, ಜಾಲತಾಣಗಳಲ್ಲಿ ಹುಟ್ಟಿದ ವಿರೋಧವು ಅಲ್ಲಿಯೇ ತಂಗದೆ ಅಕ್ಟೋಬರ್ 16ರಂದು ಬೀದಿಯಲ್ಲಿ ಮಾನವ ಸರಪಳಿಯಾಯಿತು, ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯಲ್ಲಿ ಅರ್ಜಿಯಾಯಿತು, ತಡೆಯಾಜ್ಞೆಯಾಯಿತು. 2017ರ ಮಾರ್ಚಿನಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಸಹಿಯೊಂದರಿಂದಲೇ ಇದಾಯಿತೆನ್ನುವುದು ಅತ್ಯುಕ್ತಿ. ಸಹಿಯಿಲ್ಲದೆ ಅಪರಿಚಿತರು ಪರಸ್ಪರರನ್ನು ಕಂಡುಕೊಳ್ಳುತ್ತಿದ್ದರೆನ್ನುವುದೂ ನಂಬತಕ್ಕ ಮಾತಲ್ಲ.

ಇನ್ನು, ಓದಲು ಬಾರದ ಭಾಷೆಯ ಕರಡಿಗೆ ಹಳ್ಳಿಯ ರೈತನು ಏನೆಂದು ಸಹಿಹಾಕಬೇಕು? 2020ರಲ್ಲಿ ಕೇಂದ್ರ ಸರ್ಕಾರದ ಪರಿಸರ ಪರಿಣಾಮ ಮೌಲ್ಯಮಾಪನ ಅಧಿಸೂಚನೆಯ ಕರಡನ್ನು ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಿಗೆಲ್ಲ ಅನುವಾದಿಸಿರೆಂದು ದೆಹಲಿ ಉಚ್ಚ ನ್ಯಾಯಾಲಯವೇ ಆಜ್ಞಾಪಿಸಬೇಕಾಯಿತು. ನಮ್ಮ ನಾಡಿನಲ್ಲಾದರೂ ಜನರು ನ್ಯಾಯಾಲಯದ ಮೆಟ್ಟಿಲೇರುವವರೆಗೆ ಕಾಯಕೂಡದು. ಪ್ರತಿಯೊಂದು ಕರಡೂ ಮೊದಲು ಕನ್ನಡದಲ್ಲಿ ಹೊರಡಲಿ. ವಿದ್ಯುನ್ಮಾನ ಸಹಿಗಳಿಂದ ಬಂದ ಮನವಿಗೂ ಗೊತ್ತಾದ ಅವಧಿಯೊಳಗೆ ಲಿಖಿತ ಉತ್ತರ ಕೊಡತಕ್ಕದ್ದೆಂದು ವಿಧಾನಮಂಡಲವು ವಿಧಿಸಲಿ. ಸಹಿಹಾಕುವವರೂ ಮನವಿಯನ್ನು ಪೂರ್ತಿಯಾಗಿ ಓದಿ, ಅದು ಯಾವ ಅಧಿಕಾರಿಗೆ ಹೋಗುವುದೆಂದು ತಿಳಿದ ಮೇಲೆಯೇ ಬೆರಳನ್ನೊತ್ತಲಿ.