ಕೇಳಿದ್ದನ್ನೇ ಕೇಳುವವರಿಗೆ

ಒಂದು ಪ್ರಶ್ನೆಗೆ ಮೊದಲ ಸಲ ಉತ್ತರ ಹೇಳುವುದು ಸಂತೋಷದ ಕೆಲಸ. ಹತ್ತನೆಯ ಸಲ ಹೇಳುವುದು ಸೌಜನ್ಯದ ಕೆಲಸ. ನೂರನೆಯ ಸಲವೂ ಹೇಳಬೇಕಾಗಿ ಬಂದರೆ ಅದು ತಪಸ್ಸು. ಎಲ್ಲರೂ ತಪಸ್ವಿಗಳಲ್ಲ. ಆದುದರಿಂದಲೇ, ಒಂದೇ ವಸ್ತುವನ್ನು ಪ್ರೀತಿಸುವ ಹಲವರು ಎಲ್ಲಿ ಕೂಡಿದರೂ ಇಂದಲ್ಲ ನಾಳೆ ಒಂದು ಮಾತು ಏಳುತ್ತದೆ: “ಪದೇ ಪದೇ ಬರುವ ಪ್ರಶ್ನೆಗಳಿಗೆಲ್ಲ ಉತ್ತರವನ್ನು ನಾವೇ ಸೇರಿ ಒಂದೆಡೆ ಬರೆದಿಟ್ಟರೆ ಆಗದೆ?” ಆಗುತ್ತದೆ. ಆದರೆ ಹೇಗೆ ಬರೆಯಬೇಕೆಂಬುದು ಮೇಲುನೋಟಕ್ಕೆ ತೋರುವಷ್ಟು ಸುಲಭವಲ್ಲ. ಈ ವಾರ ಆ ವಿಚಾರವನ್ನು ಹಳೆಯ ಸ್ಪೋರ್ಟ್ಸ್ ಕಾರೊಂದರ ದೃಷ್ಟಾಂತದಿಂದ ನೋಡೋಣ. ಮೋಟಾರಿನ ಗೊಡವೆಯೇ ಇಲ್ಲದ ವಾಚಕರೂ ಬೇಸರಪಡಬೇಕಾಗಿಲ್ಲ. ಹತ್ತು ಜನ ಸೇರಿ ಅನುಭವವನ್ನು ಬರಹಕ್ಕಿಳಿಸುವ ಕಷ್ಟ ಎಲ್ಲ ಕ್ಷೇತ್ರಗಳಲ್ಲಿಯೂ ಒಂದೇ.

ಇಂಗ್ಲೆಂಡಿನ ಆಕ್ಸ್‌ಫರ್ಡ್ ನಗರದಲ್ಲಿ ಮಾರಿಸ್ ಗ್ಯಾರೇಜಸ್ ಎಂಬ ಮೋಟಾರು ಮಾರಾಟದ ಸಂಸ್ಥೆಯೊಂದಿತ್ತು. ಅದರ ವ್ಯವಸ್ಥಾಪಕನಾಗಿದ್ದ ಸೆಸಿಲ್ ಕಿಂಬರ್ 1920ರ ದಶಕದಲ್ಲಿ ಸಾಧಾರಣ ಮಾರಿಸ್ ಗಾಡಿಗಳಿಗೆ ಹೊಸ ಮೈಕಟ್ಟನ್ನೂ ಹೊಸ ಚುರುಕನ್ನೂ ಕೊಟ್ಟು ಮಾರತೊಡಗಿದ. ಸಂಸ್ಥೆಯ ಎರಡು ಮೊದಲಕ್ಷರಗಳೇ ಆ ಗಾಡಿಗಳ ಹೆಸರಾದುವು: ಎಂ.ಜಿ. ಕಾರ್ಖಾನೆ ಕೆಲವೇ ಮೈಲಿ ದೂರದ ಆಬಿಂಗ್ಡನ್ ಎಂಬ ಊರಿಗೆ ಹೋಯಿತು. 1930ರಲ್ಲಿ ಮಾಲಿಕರ ಸಂಘವೊಂದು ಹುಟ್ಟಿತು. ಅದರ ಮೊದಲ ಕಾರ್ಯದರ್ಶಿಯಾಗಿದ್ದ ಜಾನ್ ಥಾರ್ನ್‌ಲಿ ಎಂಬ ತರುಣ ಮುಂದೆ ಕಾರ್ಖಾನೆಯನ್ನೇ ಸೇರಿ ಅದರ ಮುಖ್ಯಸ್ಥನ ಪದವಿಗೇರಿದ. ಮಾಲಿಕರಿಗೂ ಕಾರ್ಖಾನೆಗೂ ಅಷ್ಟು ಹತ್ತಿರದ ನಂಟು.

ಆಬಿಂಗ್ಡನ್ನಿನ ಗಾಡಿಗಳಲ್ಲೆಲ್ಲ ಹೆಚ್ಚು ಹೆಸರಾದುದು ಎಂ.ಜಿ.ಬಿ. 1962ರಲ್ಲಿ ಹೊರಬಂದ ಈ ಗಾಡಿಗೆ ಎರಡೇ ಆಸನ, ಮಡಿಸಿಡಬಹುದಾದ ಬಟ್ಟೆಯ ಮೇಲ್ಛಾವಣಿ, 1798 ಸಿ.ಸಿ.ಯ ನಾಲ್ಕು ಸಿಲಿಂಡರುಗಳ ಎಂಜಿನ್ನು. 1980ರವರೆಗೆ, ಅದರ ಸೋದರ ಮಾದರಿಗಳೂ ಸೇರಿ, 5 ಲಕ್ಷಕ್ಕೂ ಮಿಕ್ಕಿ ಗಾಡಿಗಳು ತಯಾರಾದುವು. ಬಹುಪಾಲು ಅಮೆರಿಕಕ್ಕೆ ಹೋದುವು. 1980ರ ಅಕ್ಟೋಬರಿನಲ್ಲಿ ಆಬಿಂಗ್ಡನ್ ಕಾರ್ಖಾನೆ ಬಾಗಿಲು ಹಾಕಿತು. 2019ರಿಂದ ನಮ್ಮ ಬೀದಿಗಳಲ್ಲಿಯೂ ಎಂ.ಜಿ. ಹೆಸರಿನ ಗಾಡಿಗಳು ಓಡಾಡುತ್ತಿವೆಯಷ್ಟೆ; ಆ ಹೆಸರು ಈಗ ಸಾಯಿಕ್ ಎಂಬ ಚೀನೀ ಕಂಪನಿಯ ಸೊತ್ತು. ಹಳೆಯ ಗಾಡಿಗೂ ಅವಕ್ಕೂ ಇರುವ ಸಂಬಂಧ ಹೆಸರಿನದು ಮಾತ್ರ.

ಕಾರ್ಖಾನೆ ಮುಚ್ಚಿದ ಮೇಲೆ ಗಾಡಿ ಕೆಟ್ಟರೆ ಯಾರನ್ನು ಕೇಳಬೇಕು? ಬಿಡಿಭಾಗಗಳಿಗೇನೂ ಕೊರತೆಯಿಲ್ಲ. ಗಾಡಿಯ ಇಡೀ ಲೋಹದ ಮೈಯನ್ನೇ 1988ರಿಂದ ಮೂಲ ಅಚ್ಚುಗಳಲ್ಲಿ ಹೊಸದಾಗಿ ಒತ್ತಿ ಮಾರಿದ್ದಾರೆ. ಆದರೆ ಯಾವ ಭಾಗ ಯಾವಾಗ ಕೆಡುತ್ತದೆ, ಕೆಟ್ಟಾಗ ಯಾವ ಸದ್ದು ಮಾಡುತ್ತದೆ, ಬಿಚ್ಚುವಾಗ ಎಲ್ಲಿ ಬೆರಳು ಜಜ್ಜುತ್ತದೆ ಎಂಬ ತಿಳಿವಳಿಕೆ ಅಂಗಡಿಯಲ್ಲಿ ದೊರೆಯದು. ಅದು ಮಾಲಿಕರ ತಲೆಗಳಲ್ಲಿದೆ. ಕಾರ್ಖಾನೆಯವರು ಅಚ್ಚು ಹಾಕಿಸಿದ ಕೈಪಿಡಿಯೇನೋ ಉಂಟು. ಆದರೆ ಅದು ಹೊಸ ಗಾಡಿಯನ್ನು ಕುರಿತದ್ದು. ಅರವತ್ತು ವರ್ಷಗಳಲ್ಲಿ ಐದಾರು ಕೈ ಬದಲಾಗಿ, ಪ್ರತಿಯೊಬ್ಬನೂ ತನಗೆ ತೋಚಿದುದನ್ನು ಕಿತ್ತು ತೋಚಿದುದನ್ನು ಜೋಡಿಸಿದ ಗಾಡಿ ಕೈಪಿಡಿಗೆ ಗುರುತು ಸಿಗದು. ಇದ್ದ ಗಾಡಿಯನ್ನು ಇದ್ದಂತೆ ಬಲ್ಲ ಪುಸ್ತಕ ಬೇಕಾದರೆ ಅದನ್ನು ಮಾಲಿಕರೇ ಬರೆದುಕೊಳ್ಳಬೇಕು.

ಇಂಥ ಸಂಗ್ರಹದಲ್ಲಿ ಮೊದಲ ತೊಡಕು ಪ್ರಶ್ನೆಯದೇ. ಹೊಸಬ ಕೇಳುವ ರೀತಿಯೇ ಬೇರೆ, ಬಲ್ಲವರು ಉತ್ತರಿಸುವ ರೀತಿಯೇ ಬೇರೆ. ಉದಾಹರಣೆಗೆ, ಎಂ.ಜಿ.ಬಿ.ಯ ಹಿಂಭಾಗದಲ್ಲಿ ಪೆಟ್ರೋಲನ್ನು ಎಂಜಿನ್ನಿಗೆ ತಳ್ಳುವ ವಿದ್ಯುತ್ ಪಂಪೊಂದಿದೆ. ಕೀಲಿ ತಿರುವಿದೊಡನೆ ಅದು ಟಿಕ್ ಟಿಕ್ ಎಂದು ಮಿಡಿಯುತ್ತದೆ. ಅದರೊಳಗಿನ ಸಂಪರ್ಕಬಿಂದುಗಳಿಗೆ ಮಸಿ ಹಿಡಿದರೆ ಮಿಡಿತ ನಿಂತು, ಗಾಡಿ ನಡುರಸ್ತೆಯಲ್ಲಿ ನಿಲ್ಲುತ್ತದೆ. ಪಂಪಿಗೆ ಹಿಡಿಕೆಯಿಂದ ಮೆಲ್ಲನೆ ಒಂದೆರಡು ಏಟು ಕೊಟ್ಟರೆ ಮತ್ತೆ ಮಿಡಿಯುವುದುಂಟು. ಇದು ಮನೆ ಸೇರುವ ಉಪಾಯ. ನಿಜವಾದ ಪರಿಹಾರ ಬಿಂದುಗಳನ್ನು ಸ್ವಚ್ಛಮಾಡುವುದು ಅಥವಾ ಪಂಪನ್ನು ಬದಲಿಸುವುದು. ಅನುಭವಿಗಳು ಇದನ್ನು “ಪಂಪಿನ ಸಂಪರ್ಕಬಿಂದುಗಳ ದೋಷ” ಎಂಬ ತಲೆಬರಹದ ಕೆಳಗೆ ಬರೆಯುತ್ತಾರೆ. ಆದರೆ ರಸ್ತೆಯ ಪಕ್ಕದಲ್ಲಿ ನಿಂತಿರುವ ಹೊಸಬನಿಗೆ ಬಿಂದುಗಳಿವೆಯೆಂದೇ ಗೊತ್ತಿಲ್ಲ! ಅವನು ಹುಡುಕುವುದು “ಓಡುತ್ತಿದ್ದ ಗಾಡಿ ಇದ್ದಕ್ಕಿದ್ದಂತೆ ನಿಂತಿತು, ಸ್ವಲ್ಪ ಹೊತ್ತಾದ ಮೇಲೆ ತಾನೇ ಹೊರಟಿತು, ಏಕೆ?” ಎಂಬುದನ್ನು. ರೋಗದ ಹೆಸರು ವೈದ್ಯನಿಗೆ, ನೋವಿನ ಹೆಸರು ರೋಗಿಗೆ. ಪ್ರಶ್ನೆಯನ್ನು ಕೇಳಿದವನ ಮಾತಿನಲ್ಲಿಯೇ ಉಳಿಸಬೇಕು.

ಎರಡನೆಯ ತೊಡಕು ಉತ್ತರದ್ದು. ನಮ್ಮ ಅಡಿಗೆಯ ಪುಸ್ತಕಗಳಲ್ಲಿ “ಉಪ್ಪು ರುಚಿಗೆ ತಕ್ಕಷ್ಟು” ಎಂದು ಬರೆಯುವುದುಂಟು. ರುಚಿ ಬಲ್ಲವರಿಗೆ ಆ ಸಾಲು ಬೇಡ, ಅರಿಯದವರಿಗೆ ಅದರಿಂದ ಉಪಯೋಗವಿಲ್ಲ. ಮೋಟಾರಿನ ವಿಷಯದಲ್ಲಿ ಇಂಥ ಉತ್ತರ ಅಪಾಯವನ್ನೂ ತರಬಹುದು. “ಬ್ಯಾಟರಿಯ ಯಾವ ತುದಿಯನ್ನು ಗಾಡಿಯ ಮೈಗೆ ಜೋಡಿಸಬೇಕು?” ಎಂದು ಒಬ್ಬ ಕೇಳುತ್ತಾನೆ. “ಋಣ ತುದಿಯನ್ನು” ಎಂದು ಒಬ್ಬರೆನ್ನುತ್ತಾರೆ. “ಧನ ತುದಿಯನ್ನು” ಎಂದು ಇನ್ನೊಬ್ಬರು. ಇಬ್ಬರೂ ಸತ್ಯವಂತರೇ. 1967ರ ಕೊನೆಯ ಭಾಗದವರೆಗೆ ಎಂ.ಜಿ.ಬಿ.ಗೆ ಡೈನಮೋ ಇತ್ತು, ಧನ ತುದಿ ಮೈಗೆ ಸೇರುತ್ತಿತ್ತು. ಆಮೇಲಿನ ಗಾಡಿಗಳಲ್ಲಿ ಆಲ್ಟರ್ನೇಟರ್ ಬಂದು, ಋಣ ತುದಿ ಮೈಗೆ ಸೇರಿತು. ಹಾಗಾದರೆ ಇಸವಿ ಕೇಳಿ ಉತ್ತರ ಹೇಳಿದರೆ ಸಾಕೆ? ಅದೂ ಸಾಲದು, ಹೊಸ ರೇಡಿಯೋ ಕೂರಿಸಬೇಕೆಂದು ಹಳೆಯ ಗಾಡಿಯನ್ನೇ ಋಣಕ್ಕೆ ಬದಲಾಯಿಸಿಕೊಂಡವರು ಬಹಳ. ತಲೆಕೆಳಗಾಗಿ ಜೋಡಿಸಿದರೆ ಆಲ್ಟರ್ನೇಟರ್ ಒಂದು ಕ್ಷಣದಲ್ಲಿ ಸುಟ್ಟುಹೋಗಬಹುದು. ಆದ್ದರಿಂದ ಸರಿಯಾದ ಉತ್ತರ ಹೀಗಿರಬೇಕು: ನಿನ್ನ ಗಾಡಿ ಯಾವ ಇಸವಿಯದೆಂದು ನೋಡು, ಆ ಇಸವಿಯನ್ನು ಪೂರ್ತಿ ನಂಬದೆ, ಬ್ಯಾಟರಿ ಬಿಚ್ಚುವ ಮೊದಲು ಯಾವ ತುದಿಯ ತಂತಿ ಮೈಗೆ ಹೋಗಿದೆಯೆಂದು ಕಣ್ಣಾರೆ ನೋಡಿ ಗುರುತು ಮಾಡು.

ಪ್ರಾಣಕ್ಕೇ ಸಂಬಂಧಿಸಿದ ಉತ್ತರಗಳೂ ಉಂಟು. ಎಂ.ಜಿ.ಬಿ.ಗಳಲ್ಲಿ ಹಲವಕ್ಕೆ ತಂತಿಕಡ್ಡಿಗಳ ಚಕ್ರಗಳಿವೆ. ಪ್ರತಿಯೊಂದು ಚಕ್ರವನ್ನೂ ನಡುವಿನ ಒಂದೇ ದೊಡ್ಡ ನಟ್ಟು ಹಿಡಿದಿರುತ್ತದೆ. ಎಡಗಡೆಯ ನಟ್ಟನ್ನು ಅಪ್ರದಕ್ಷಿಣವಾಗಿ ತಿರುಗಿಸಿದರೆ ಸಡಿಲುತ್ತದೆ, ಬಲಗಡೆಯದನ್ನು ಪ್ರದಕ್ಷಿಣವಾಗಿ ತಿರುಗಿಸಿದರೆ ಸಡಿಲುತ್ತದೆ. ಅಂದರೆ, ಗಾಡಿ ಮುಂದೆ ಸಾಗುವಾಗ ಚಕ್ರ ಯಾವ ಕಡೆ ತಿರುಗುವುದೋ ಅದೇ ನಟ್ಟು ಸಡಿಲುವ ದಿಕ್ಕು. ಕೇಳುವವರಿಗೆ ಇದು ವಿಪರೀತವಾಗಿ ತೋರುತ್ತದೆ. ಆದರೆ ಹೀಗಿದ್ದರೇ ಓಟದಲ್ಲಿ ನಟ್ಟು ಬಿಗಿಯಾಗಿ ಉಳಿಯುವುದು. ಯಾರೋ ಒಬ್ಬ ಹಿಂದಿನ ಮಾಲಿಕ ದುರಸ್ತಿಯ ಸಮಯದಲ್ಲಿ ಎಡದ ಹಬ್ಬನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಕೂರಿಸಿದ್ದರೆ, ನಟ್ಟು ಓಡುತ್ತ ಓಡುತ್ತ ಸಡಿಲಾಗಿ ಚಕ್ರವೇ ಕಳಚಿಹೋದೀತು. “ನಟ್ಟನ್ನು ಚೆನ್ನಾಗಿ ಬಿಗಿಮಾಡಿ” ಎಂದಷ್ಟೇ ಬರೆದ ಉತ್ತರ ಆ ದಿನ ಯಾರನ್ನೂ ಕಾಪಾಡದು. ಯಾವ ಪಕ್ಕಕ್ಕೆ ಯಾವ ತಿರುಪು, ಏಕೆ, ಹೇಗೆ ಪರೀಕ್ಷಿಸಬೇಕು ಎಂಬ ಮೂರನ್ನೂ ಬರೆಯಬೇಕು.

ಇನ್ನು, ಬರೆದಾಗ ನಿಜವಾಗಿದ್ದ ಉತ್ತರ ಕಾಲಾನಂತರ ಸುಳ್ಳಾಗುವುದುಂಟು. ಹಳೆಯ ಕೈಪಿಡಿಯಲ್ಲಿ ಹೇಳಿದ್ದು ಸೀಸ ಬೆರೆತ ಪೆಟ್ರೋಲು. ಬ್ರಿಟನ್ನಿನಲ್ಲಿ 2000ದ ಜನವರಿಯಿಂದ ಅದರ ಸಾರ್ವತ್ರಿಕ ಮಾರಾಟ ನಿಂತಿತು. ಎಂಜಿನ್ನಿನ ಕವಾಟಗಳು ಕೂರುವ ಪೀಠಗಳನ್ನು ಆ ಸೀಸ ಸವೆಯದಂತೆ ಕಾಯುತ್ತಿತ್ತು. ಹಳೆಯ ಗಾಡಿಗಳವರು ಗಟ್ಟಿ ಲೋಹದ ಪೀಠಗಳನ್ನು ಹಾಕಿಸಬೇಕಾಯಿತು, ಇಲ್ಲವೆ ಪೆಟ್ರೋಲಿಗೆ ಬದಲಿ ದ್ರವ್ಯವನ್ನು ಬೆರೆಸಬೇಕಾಯಿತು. 2021ರ ಸೆಪ್ಟೆಂಬರಿನಲ್ಲಿ ಅಲ್ಲಿ ಶೇಕಡ 10ರವರೆಗೆ ಎಥನಾಲ್ ಬೆರೆತ ಪೆಟ್ರೋಲು ರೂಢಿಗೆ ಬಂದಿತು. ಎಥನಾಲಿಗೆ ಹಳೆಯ ರಬ್ಬರು ಕೊಳವೆಗಳು ತಾಳಲಾರವು. ಮತ್ತೆ ಉತ್ತರ ಬದಲಾಯಿತು. ತಾರೀಖಿಲ್ಲದ ಉತ್ತರ ತಾರೀಖಿಲ್ಲದ ಔಷಧದ ಶೀಸೆಯಂತೆ. ಒಳಗಿರುವುದು ಅಮೃತವೋ ವಿಷವೋ ತಿಳಿಯದು.

ಈ ತೊಡಕುಗಳಿಗೆ ಮದ್ದು ಬಹು ಹಿಂದೆಯೇ ದೊರೆತಿತ್ತು. ಜೇಮ್ಸ್ ಮರ್ರೆ ಇಂಗ್ಲಿಷಿನ ಮಹಾನಿಘಂಟನ್ನು ಸಿದ್ಧಪಡಿಸಲು 1879ರಲ್ಲಿ ಸಾಮಾನ್ಯ ಓದುಗರ ನೆರವನ್ನು ಬೇಡಿದರು. ಸಾವಿರಾರು ಕೈಗಳಿಂದ ಚೀಟಿಗಳು ಬಂದುವು. “ಈ ಪದದ ಅರ್ಥ ಇದೆಂದು ನನಗನಿಸುತ್ತದೆ” ಎಂಬ ಮಾತಿಗೆ ಅಲ್ಲಿ ಸ್ಥಳವಿರಲಿಲ್ಲ. ಪದ ಬಂದ ವಾಕ್ಯ, ಪುಸ್ತಕ, ಪುಟ, ಇಸವಿ ಇವಿಷ್ಟು ಚೀಟಿಯಲ್ಲಿರಬೇಕಾಗಿತ್ತು. ನಿಘಂಟು 1928ರಲ್ಲಿ ಮುಗಿಯಿತು. ಮರ್ರೆ 1915ರಲ್ಲಿಯೇ ತೀರಿಕೊಂಡಿದ್ದರು. ಕೆಲಸ ನಿಲ್ಲಲಿಲ್ಲ. ಚೀಟಿಗಳು ತಮ್ಮ ಕಥೆಯನ್ನು ತಾವೇ ಹೇಳುವಂತಿದ್ದುದರಿಂದ ಬೇರೆಯವರು ಮುಂದುವರಿಸಬಲ್ಲವರಾದರು.

ಗಾಡಿಯ ಮಾಲಿಕರ ಚೀಟಿಯೂ ಹಾಗೆಯೇ ಇರಬೇಕು: ಗಾಡಿಯ ಇಸವಿ ಯಾವುದು, ಅದರಲ್ಲಿ ಏನೇನು ಬದಲಾಗಿದೆ, ಏನನ್ನು ಕಂಡಿರಿ, ಏನು ಮಾಡಿದಿರಿ, ಆಮೇಲೆ ಎಷ್ಟು ತಿಂಗಳು ಗಾಡಿ ಸರಿಯಾಗಿ ಓಡಿತು. ಕೆಳಗೆ ತಾರೀಖು. ಫಲಿಸದ ಉಪಾಯವನ್ನೂ ಬರೆಯಬೇಕು; ಮುಂದಿನವನ ಒಂದು ಭಾನುವಾರ ಅದರಿಂದ ಉಳಿಯುತ್ತದೆ. ಯಾರಿಂದಲೋ ಕೇಳಿದ್ದಾದರೆ ಕೇಳಿದ್ದೆಂದೇ ಬರೆಯಬೇಕು.

ಚೀಟಿಗಳನ್ನು ಹೊಂದಿಸಲು ಒಬ್ಬ ಸಂಪಾದಕ ಬೇಕು. ಅವನು ಎಲ್ಲರಿಗಿಂತ ಹೆಚ್ಚು ಬಲ್ಲವನಾಗಿರಬೇಕಾಗಿಲ್ಲ, “ಯಾವ ಗಾಡಿಯಲ್ಲಿ? ಯಾವಾಗ?” ಎಂದು ಬೇಸರವಿಲ್ಲದೆ ಕೇಳುವವನಾದರೆ ಸಾಕು. ಮಂತ್ರಕ್ಕಿಂತ ಉಗುಳೇ ಹೆಚ್ಚಾದ ಉತ್ತರಗಳನ್ನು ಕತ್ತರಿಸುವ ಧೈರ್ಯ ಅವನಿಗಿರಬೇಕು. ಆದರೆ ಭಿನ್ನಾಭಿಪ್ರಾಯವನ್ನು ಕತ್ತರಿಸಬಾರದು. ಎಂ.ಜಿ.ಬಿ.ಯ ಜೋಡಿ ಕಾರ್ಬ್ಯುರೇಟರುಗಳ ನೆತ್ತಿಯಲ್ಲಿ ತುಸು ಎಣ್ಣೆ ಹಾಕುವ ಕ್ರಮವಿದೆ. ಎಂಜಿನ್ನಿನ ಎಣ್ಣೆಯೇ ಸಾಕೆಂದು ಕೆಲವರು, ತೆಳುವಾದ ಎಣ್ಣೆಯೇ ಬೇಕೆಂದು ಕೆಲವರು ಇಂದಿಗೂ ವಾದಿಸುತ್ತಾರೆ. ಚಳಿನಾಡಿನವನ ಅನುಭವ ಬಿಸಿಲುನಾಡಿನವನದಕ್ಕಿಂತ ಬೇರೆಯಾದೀತು. ಎರಡನ್ನೂ, ಅವರವರ ಹವೆಯೊಡನೆ, ಪಕ್ಕಪಕ್ಕದಲ್ಲಿ ಬರೆದಿಟ್ಟರೆ ಓದುವವನು ತನಗೆ ತಕ್ಕುದನ್ನು ಆರಿಸಿಕೊಳ್ಳುತ್ತಾನೆ. ಚಕ್ರದ ತಿರುಪಿನಂಥ ವಿಷಯದಲ್ಲಿ ಮಾತ್ರ ಎರಡು ಅಭಿಪ್ರಾಯಗಳಿಗೆ ಎಡೆಯಿಲ್ಲ. ಅಲ್ಲಿ ಸರಿಯಾದುದು ಒಂದೇ, ಅದನ್ನು ದಪ್ಪಕ್ಷರದಲ್ಲಿ ಬರೆಯಬೇಕು. ಯಾವುದು ರುಚಿಯ ಪ್ರಶ್ನೆ, ಯಾವುದು ಪ್ರಾಣದ ಪ್ರಶ್ನೆ ಎಂಬ ವಿವೇಚನೆಯೇ ಸಂಪಾದಕನ ನಿಜವಾದ ಅರ್ಹತೆ.

ಕಾಲ ಸಾಗುತ್ತಿದೆ. ಆಬಿಂಗ್ಡನ್ನಿನಿಂದ ಕೊನೆಯ ಗಾಡಿ ಹೊರಟು ನಾಲ್ಕು ದಶಕಗಳು ಕಳೆದುವು. ಅಲ್ಲಿ ಕೈಯಾರೆ ಜೋಡಿಸಿದವರಲ್ಲಿ ಉಳಿದವರು ವೃದ್ಧರು; ಸದ್ದು ಕೇಳಿಯೇ ದೋಷ ಹೇಳಬಲ್ಲ ಹಿರಿಯ ಮಾಲಿಕರೂ ಒಬ್ಬೊಬ್ಬರಾಗಿ ಸರಿಯುತ್ತಿದ್ದಾರೆ. ಕೇಳದಿದ್ದರೆ ಅವರಾಗಿ ಹೇಳುವವರಲ್ಲ. ತಮಗೆ ತಿಳಿದಿರುವುದು ಎಲ್ಲರಿಗೂ ತಿಳಿದಿದೆಯೆಂದೇ ಅವರ ನಂಬಿಕೆ. ಅವರ ಬಾಯಿ ಬಿಡಿಸುವವನು ಕೇಳಿದ್ದನ್ನೇ ಮತ್ತೆ ಕೇಳುವ ಆ ಹೊಸಬನೇ. ಮುಂದಿನ ಸಲ ಅವನು ಬಂದಾಗ ಗದರಿಸಿ ಕಳುಹಿಸುವ ಬದಲು ಹಿರಿಯರೊಬ್ಬರ ಬಳಿ ಕೂರಿಸಿ, ಕೈಗೊಂದು ಚೀಟಿ ಕೊಟ್ಟು, ಅವರು ಹೇಳಿದುದನ್ನು ತಾರೀಖಿನೊಡನೆ ಬರೆದುಕೊಳ್ಳಲು ಹೇಳುವುದು ಲೇಸು.