ಒಂದೇ ದಿನ, ಹತ್ತು ಊರು: ಈ ಓಟ ಯಾರಿಗಾಗಿ?



ಡಿಸೆಂಬರ್ ಸಮೀಪಿಸಿತೆಂದರೆ ನಿಮ್ಮಲ್ಲಿ ಅನೇಕರ ದೂರವಾಣಿ ಕರೆಗಳು ಬರತೊಡಗುತ್ತವೆ. ಸಂತೋಷವೇ. ಆದರೆ ಕುಶಲ ವಿಚಾರಿಸಿದ ಮೇಲೆ ಬರುವ ಮಾತು ಮಾತ್ರ ಹೆಚ್ಚುಕಡಿಮೆ ಎಲ್ಲರದ್ದೂ ಒಂದೇ. "ಸಾರ್, ಊರಿಗೆ ಬರ್ತಾ ಇದ್ದೇವೆ. ಒಂದು ದಿನಕ್ಕೆ ಕಾರು ಗೊತ್ತು ಮಾಡಿದ್ದೇವೆ. ಮಕ್ಕಳಿಗೆ ನಮ್ಮ ಕಡೆಯದ್ದೆಲ್ಲ ತೋರಿಸಿಬಿಡಬೇಕು. ಒಂದು ಪ್ಲಾನ್ ಹಾಕಿಕೊಡಿ."

ನಾನು ಅಂಥ ಪ್ಲಾನ್ ಹಾಕಿಕೊಡುವುದಿಲ್ಲ. ಏಕೆಂಬುದನ್ನು ಒಮ್ಮೆ ವಿವರವಾಗಿ ಬರೆದಿಟ್ಟರೆ ಪ್ರತಿಯೊಬ್ಬರಿಗೂ ಬೇರೆಬೇರೆಯಾಗಿ ಹೇಳಿ ನಿಷ್ಠುರನಾಗುವ ಕಷ್ಟ ತಪ್ಪುತ್ತದೆ ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲಿಗೆ ಆ 'ತೋರಿಸಿಬಿಡಬೇಕು' ಎಂಬ ಪದವನ್ನೇ ನೋಡೋಣ. ವ್ಯಾಕರಣದ ಪಾಠ ನಿಮಗೆ ಮರೆತಿರಲಾರದು. 'ತೋರಿಸು' ಎಂಬ ಧಾತುವಿಗೆ 'ಬಿಡು' ಸೇರಿದಾಗ ಕೆಲಸವನ್ನು ಮುಗಿಸಿ ಕೈತೊಳೆದುಕೊಳ್ಳುವ ಅರ್ಥ ಬರುತ್ತದೆ. ಬಿಲ್ಲು ಕಟ್ಟಿಬಿಡು, ಔಷಧ ಕುಡಿದುಬಿಡು ಎಂದ ಹಾಗೆ. ಹುಟ್ಟಿದ ಊರನ್ನು ಮಕ್ಕಳಿಗೆ ತೋರಿಸುವುದೂ ಈ ಸಾಲಿಗೆ ಸೇರಿತೆಂದರೆ, ರೋಗ ಕಾರಿನಲ್ಲಿಲ್ಲ, ಕ್ರಿಯಾಪದದಲ್ಲೇ ಇದೆ!

ಈ ವರ್ಷ ಒಬ್ಬರು ಕಳುಹಿಸಿದ ಪಟ್ಟಿ ಹೀಗಿತ್ತು. ಬಿ.ಸಿ.ರೋಡಿನಿಂದ ಹೊರಟು ಕಾರಿಂಜ, ಗಡಾಯಿಕಲ್ಲು, ಸೂರ್ಯದ ದೇವಸ್ಥಾನ, ಧರ್ಮಸ್ಥಳ, ಅಲ್ಲಿಯ ಮಂಜೂಷಾ ವಸ್ತುಸಂಗ್ರಹಾಲಯ, ರತ್ನಗಿರಿಯ ಬಾಹುಬಲಿ, ವೇಣೂರಿನ ಬಾಹುಬಲಿ, ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಚೌಟರ ಅರಮನೆ, ಕೊನೆಗೆ ಪೊಳಲಿ. ಒಟ್ಟು ಹತ್ತು. ಬೆಳಿಗ್ಗೆ ಆರಕ್ಕೆ ಹೊರಟು ರಾತ್ರಿ ಎಂಟಕ್ಕೆ ಮನೆ ಸೇರುವುದು.

ಲೆಕ್ಕ ಹಾಕೋಣ. ಒಳದಾರಿಗಳೂ ಸೇರಿ ಈ ಸುತ್ತು ಸುಮಾರು 170 ಕಿಲೋಮೀಟರ್. ನಮ್ಮ ತಿರುವು, ಏರಿಳಿತ, ಪೇಟೆಗಳ ನಡುವೆ ಗಂಟೆಗೆ 35 ಕಿಲೋಮೀಟರ್ ಸಿಕ್ಕಿದರೆ ಪುಣ್ಯ. ಅಲ್ಲಿಗೆ ಐದು ಗಂಟೆ ರಸ್ತೆಯಲ್ಲೇ ಹೋಯಿತು. ತಿಂಡಿ, ಊಟ, ಚಹಾಕ್ಕೆ ಎರಡು ಗಂಟೆ. ಹದಿನಾಲ್ಕು ಗಂಟೆಗಳಲ್ಲಿ ಉಳಿದದ್ದು ಏಳು, ಅಂದರೆ 420 ನಿಮಿಷ. ಒಂದು ಸ್ಥಳಕ್ಕೆ 42 ನಿಮಿಷ. ಅದರಲ್ಲಿ ಕಾರು ನಿಲ್ಲಿಸಲು ಜಾಗ ಹುಡುಕಬೇಕು, ಚಪ್ಪಲಿ ಬಿಡಬೇಕು, ಶೌಚಾಲಯ ಕೇಳಬೇಕು, ಒಟ್ಟಿಗೆ ನಿಂತು ಫೋಟೋ ತೆಗೆಸಿಕೊಳ್ಳಬೇಕು. ಗಡಾಯಿಕಲ್ಲಿನ ಮೆಟ್ಟಿಲುಗಳು 1,800ಕ್ಕೂ ಮಿಕ್ಕಿವೆ. ಅವನ್ನು 42 ನಿಮಿಷದಲ್ಲಿ ಹತ್ತಿ ಇಳಿಯುವವನು ಪ್ರವಾಸಿಯಲ್ಲ, ಹನುಮಂತ. ಧರ್ಮಸ್ಥಳದಲ್ಲಿ ರಜಾದಿನದ ಸರತಿಸಾಲು ಯಾರ ಪ್ಲಾನಿಗೂ ಬಗ್ಗುವುದಿಲ್ಲ. ಹೀಗೆ ಒಂದೆರಡು ಕಡೆ ಸಮಯ ಮೀರಿದೊಡನೆ ಉಳಿದ ಎಂಟು ಊರುಗಳ ಪಾಲಿಗೆ ಬರುವುದು ಕಾರಿನ ಕಿಟಕಿ ಮಾತ್ರ.

ಈ ಲೆಕ್ಕವನ್ನು ಹೇಳಿದಾಗ ಅಮೆರಿಕದ ಅರಿಜೋನಾದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ನಕ್ಕ. "ಸಾರ್, ಇಲ್ಲಿ ನಾವು ಮರುಭೂಮಿಯಲ್ಲಿ ಒಂದೇ ದಿನ ಏಳೆಂಟು ನೂರು ಕಿಲೋಮೀಟರ್ ಹೋಗಿಬರುತ್ತೇವೆ. 170 ಯಾವ ಲೆಕ್ಕ?" ಎಂದ. ಫೀನಿಕ್ಸ್ ನಗರದಿಂದ ಗ್ರ್ಯಾಂಡ್ ಕ್ಯಾನ್ಯನ್ ಕಣಿವೆಯ ದಕ್ಷಿಣದ ಅಂಚಿಗೆ ಸುಮಾರು 370 ಕಿಲೋಮೀಟರ್. ಬೆಳಿಗ್ಗೆ ಹೋಗಿ ರಾತ್ರಿ ಮರಳುವವರಿದ್ದಾರೆ, ನಿಜ. ಆದರೆ ಅವರು ಅಷ್ಟು ದೂರ ಹೋಗುವುದು ಒಂದು ಸ್ಥಳವನ್ನು ನೋಡುವುದಕ್ಕೆ, ಹತ್ತನ್ನಲ್ಲ. ನಡುವಿನದು ಬಹುಪಾಲು ಅಗಲವಾದ ಹೆದ್ದಾರಿ. ಅಲ್ಲಿಯ ಮೈಲಿಗಲ್ಲಿನ ಅಳತೆಯನ್ನು ತಂದು ಪುಂಜಾಲಕಟ್ಟೆಯ ರಸ್ತೆಗೆ ಹಿಡಿಯುವುದು ಬಟ್ಟೆ ಅಳೆಯುವ ಗಜದಿಂದ ಅಕ್ಕಿ ಅಳೆದಂತೆ. ನಮ್ಮಲ್ಲಿ ಒಂದು ಕಿಲೋಮೀಟರಿಗೆ ಒಂದು ಗುತ್ತಿನ ಮನೆ, ಒಂದು ಶಾಲೆ, ಒಂದು ಭೂತಸ್ಥಾನ, ಬಸ್ಸಿಗೆ ಕಾಯುವ ಹತ್ತು ಜನ.

ಮರುಭೂಮಿಯಿಂದ ಕಲಿಯಬೇಕಾದ ಪಾಠ ಬೇರೆಯೇ ಇದೆ. ಅಲ್ಲಿ ಪಯಣಿಸುವವರು ನೀರನ್ನು ಲೆಕ್ಕಹಾಕಿ ಒಯ್ಯುತ್ತಾರೆ, ಪೆಟ್ರೋಲು ತುಂಬಿಸಿಕೊಳ್ಳುತ್ತಾರೆ, ಎಲ್ಲಿಗೆ ಹೋಗುತ್ತೇವೆಂದು ಇನ್ನೊಬ್ಬರಿಗೆ ತಿಳಿಸಿ ಹೋಗುತ್ತಾರೆ. ಆ ಕಣಿವೆಯ ಅಂಚಿನಿಂದ ತಳದ ನದಿಗೆ ಇಳಿದು ಒಂದೇ ದಿನದಲ್ಲಿ ಮರಳಿ ಹತ್ತುವ ಸಾಹಸ ಬೇಡವೆಂದು ಅಲ್ಲಿಯ ರಾಷ್ಟ್ರೀಯ ಉದ್ಯಾನದವರೇ ಎಚ್ಚರಿಸುತ್ತಾರೆ. ಅಂದರೆ ಮರುಭೂಮಿಯ ಯೋಜನೆಯ ಮೂಲ ಮಿತಿ, ವೇಗವಲ್ಲ. ನನ್ನ ಶಿಷ್ಯ ಅಲ್ಲಿಂದ ವೇಗವನ್ನು ತಂದ. ಮಿತಿಯನ್ನು ವಿಮಾನ ನಿಲ್ದಾಣದಲ್ಲೇ ಬಿಟ್ಟುಬಂದ.

ಈ ಓಟದಲ್ಲಿ ಕಳೆದುಹೋಗುವುದೇನು? ಎರಡು ಉದಾಹರಣೆ ಕೊಡುತ್ತೇನೆ.

ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನು 'ತ್ರಿಭುವನ ತಿಲಕ ಚೂಡಾಮಣಿ' ಎನ್ನುತ್ತಾರೆ. ಕಟ್ಟಿದ್ದು 1430ರಲ್ಲಿ, ವಿಜಯನಗರದ ಇಮ್ಮಡಿ ದೇವರಾಯನ ಕಾಲದಲ್ಲಿ. ಒಳಗೆ ಹೋದವರು ಕಂಬಗಳನ್ನು ಎಣಿಸುವ ತಮಾಷೆ ಮಾಡಿ, ಮಾನಸ್ತಂಭದ ಎದುರು ಫೋಟೋ ತೆಗೆಸಿಕೊಂಡು ಹೊರಬರುತ್ತಾರೆ. ಅಲ್ಲಿಯ ಭೈರಾದೇವಿ ಮಂಟಪದ ಅಧಿಷ್ಠಾನದಲ್ಲಿ ಒಂದು ಜಿರಾಫೆಯ ಕೆತ್ತನೆಯಿದೆ, ಚೀನೀ ಶೈಲಿಯ ಡ್ರ್ಯಾಗನ್ ಇದೆ. ತುಳುನಾಡಿನ ಶಿಲ್ಪಿಯ ಉಳಿಗೆ ಆಫ್ರಿಕಾದ ಪ್ರಾಣಿ ಎಲ್ಲಿಂದ ಬಂತು? ಕರಾವಳಿಯ ಬಂದರುಗಳಿಂದ ಅರಬ್ಬಿ ಸಮುದ್ರದಾಚೆಗೆ ನಡೆಯುತ್ತಿದ್ದ ವ್ಯಾಪಾರದ ಇಡೀ ಪಾಠವನ್ನು ಆ ಒಂದು ಕಲ್ಲಿನ ಮುಂದೆ ಕುಳಿತು ಮಾಡಬಹುದು. ಹತ್ತು ವರ್ಷದ ಮಗುವಿಗೆ "ಇಲ್ಲಿ ಒಂದು ಜಿರಾಫೆ ಅಡಗಿದೆ, ಹುಡುಕು ನೋಡೋಣ" ಎಂದರೆ ಸಾಕು, ಬಸದಿ ಆ ಮಗುವಿನದಾಗುತ್ತದೆ. ಆದರೆ ಹುಡುಕಲು ಸಮಯ ಬೇಕು. ಅದೇ ಊರಿನ ಸಿದ್ಧಾಂತ ಬಸದಿಯಲ್ಲಿ ಧವಲ, ಜಯಧವಲ, ಮಹಾಧವಲಗಳ ತಾಳೆಗರಿಗಳು ಹಳಗನ್ನಡ ಲಿಪಿಯಲ್ಲಿ ಶತಮಾನಗಳ ಕಾಲ ಉಳಿದುಬಂದವು. ದೇಶದ ಬೇರೆ ಕಡೆ ಸಿಗದಿದ್ದುದನ್ನು ಈ ಸಣ್ಣ ಊರು ಕಾಪಾಡಿತು. 'ಭರತೇಶ ವೈಭವ'ದ ರತ್ನಾಕರವರ್ಣಿ ಇಲ್ಲಿಯವನು. ಹದಿನೆಂಟು ಬಸದಿಗಳ ಊರಿದು. 42 ನಿಮಿಷ!

ಇನ್ನು ಬಂಟ್ವಾಳ. ಆ ಪಟ್ಟಿಯಲ್ಲಿ ಬಂಟ್ವಾಳ ಪೇಟೆಯೇ ಇರಲಿಲ್ಲ, ಬಿ.ಸಿ.ರೋಡ್ ಇತ್ತು, ಅದೂ ಕಾರು ಹೊರಡುವ ಜಾಗವಾಗಿ. 1874ರಲ್ಲಿ ಪಂಜೆ ಮಂಗೇಶರಾಯರು ಹುಟ್ಟಿದ್ದು ಬಂಟ್ವಾಳದಲ್ಲಿ. 'ಕವಿಶಿಷ್ಯ' ಎಂಬ ಹೆಸರಿನಲ್ಲಿ ಬರೆದ, ಕನ್ನಡದ ಮಕ್ಕಳಿಗೆ ಮೊದಲ ಪದ್ಯಗಳನ್ನೂ ಕತೆಗಳನ್ನೂ ಕೊಟ್ಟ ಅಧ್ಯಾಪಕರು ಅವರು. 1934ರ ರಾಯಚೂರು ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. ನಿಮ್ಮ ಮಕ್ಕಳಿಗೆ ಅವರ ಹಾವಿನ ಪದ್ಯ ಬಾಯಿಗೆ ಬರುತ್ತದೆ, ಅವರ ಊರಿನ ಮೂಲಕ ಹಾದುಹೋಗಿದ್ದು ಗೊತ್ತಿರುವುದಿಲ್ಲ. 1837ರಲ್ಲಿ ಕಲ್ಯಾಣಪ್ಪನ ದಂಡು ಮಂಗಳೂರಿನತ್ತ ಸಾಗಿದ್ದು ಈ ದಾರಿಯಲ್ಲೇ. 1923ರಲ್ಲಿ ಮತ್ತು 1974ರಲ್ಲಿ ನೇತ್ರಾವತಿ ಉಕ್ಕಿ ಈ ಪೇಟೆಗೆ ನುಗ್ಗಿದ್ದನ್ನು ಹಿರಿಯರು ಇಂದಿಗೂ ವರ್ಷ ಹೇಳಿ ನೆನೆಯುತ್ತಾರೆ. ನದಿಯ ದಂಡೆಯಲ್ಲಿ ನಿಂತು, ನೀರು ಎಲ್ಲಿಯವರೆಗೆ ಬಂದಿತ್ತೆಂದು ಒಬ್ಬ ಅಜ್ಜ ಕೈತೋರಿಸಿದರೆ ಅದಕ್ಕಿಂತ ದೊಡ್ಡ ಭೂಗೋಳದ ಪಾಠ ಬೇರೆ ಬೇಕೆ?

ಈಗ ಯಾರೂ ಯೋಚಿಸದ ಒಂದು ವಿಷಯಕ್ಕೆ ಬರುತ್ತೇನೆ. ನನ್ನ ಇನ್ನೊಬ್ಬ ಶಿಷ್ಯ ಬಾಡಿಗೆ ಕಾರು ಓಡಿಸುತ್ತಾನೆ. ಹಿಂದಿನ ಬೆಂಚಿನಲ್ಲಿ ಕುಳಿತು ಕಿಟಕಿಯಾಚೆ ನೋಡುತ್ತಿದ್ದ ಹುಡುಗ. ಇಂದು ದಾರಿಯನ್ನು ಬಿಟ್ಟು ಬೇರೇನನ್ನೂ ನೋಡುವಂತಿಲ್ಲ. ಅವನ ಮಾತು ಕೇಳಿ: "ಸಾರ್, ಮಧ್ಯಾಹ್ನ ಊಟ ಆದ ಮೇಲೆ ಹಿಂದೆ ಕೂತ ಆರು ಜನಕ್ಕೂ ನಿದ್ದೆ. ನನಗೂ ಬರ್ತದೆ, ಆದರೆ ನನಗೆ ಮಾತ್ರ ಬರಬಾರದು. ತಡ ಆಯ್ತೆಂದು ಅವರು ಎದ್ದಾಗೆಲ್ಲ ಹೇಳ್ತಾರೆ. ರಾತ್ರಿ ಬಿಟ್ಟು ಮನೆಗೆ ಹೋಗುವಾಗ ಹನ್ನೊಂದು. ಬೆಳಿಗ್ಗೆ ಐದಕ್ಕೆ ಇನ್ನೊಂದು ಬಾಡಿಗೆ." ವೇಣೂರಿನಿಂದ ಮೂಡುಬಿದಿರೆಗೆ ಮುಸ್ಸಂಜೆಯಲ್ಲಿ ನಿಮ್ಮ ಮಕ್ಕಳನ್ನು ಕರೆದೊಯ್ಯುವವನ ಕಣ್ಣುಗಳು ಇವು. ಹತ್ತನೆಯ ಸ್ಥಳವನ್ನು ಪಟ್ಟಿಗೆ ಸೇರಿಸುವಾಗ ಆ ಕಣ್ಣುಗಳನ್ನು ನೆನೆಯಿರಿ. ಇಷ್ಟು ಸಾಲದೆಂದು "ಹೇಗೂ ಉಜಿರೆಯವರೆಗೆ ಹೋಗಿದ್ದೇವೆ, ಚಾರ್ಮಾಡಿ ಘಾಟಿಯನ್ನೂ ಹತ್ತಿಳಿಯೋಣ" ಎನ್ನುವವರಿದ್ದಾರೆ. 2019ರ ಆಗಸ್ಟಿನಲ್ಲಿ ಅದೇ ಘಾಟಿಯಲ್ಲಿ ಗುಡ್ಡಗಳು ಜಾರಿ ರಸ್ತೆ ಮುಚ್ಚಿಹೋಗಿತ್ತು, ಕೆಳಗಿನ ಬೆಳ್ತಂಗಡಿ ತಾಲ್ಲೂಕಿನ ಹಳ್ಳಿಗಳಿಗೆ ನೆರೆ ನುಗ್ಗಿತ್ತು. ಘಟ್ಟದ ರಸ್ತೆ ಸಮಯ ಉಳಿದರೆ ಹೋಗುವ ಜಾಗವಲ್ಲ.

ಇದಕ್ಕೆ ನೀವು ಕೊಡುವ ಉತ್ತರಗಳು ನನಗೆ ಗೊತ್ತಿವೆ. ಒಂದೊಂದಾಗಿ ನೋಡೋಣ.

"ರಜೆ ಕಡಿಮೆ ಸಾರ್." ಒಪ್ಪಿದೆ. ರಜೆ ಕಡಿಮೆಯಾದುದರಿಂದಲೇ ಊರುಗಳನ್ನೂ ಕಡಿಮೆ ಮಾಡಿ. ಪರೀಕ್ಷೆಗೆ ಮೂರು ಗಂಟೆಯಿರುವಾಗ ಇಡೀ ಪಠ್ಯಪುಸ್ತಕವನ್ನು ಬರೆಯಲು ಹೊರಟ ಹುಡುಗನಿಗೆ ನಾನು ಎಷ್ಟು ಅಂಕ ಕೊಡುತ್ತಿದ್ದೆ?

"ಅಮ್ಮನಿಗೆ ಎಲ್ಲ ದೇವರ ದರ್ಶನ ಮಾಡಿಸುವ ಆಸೆ." ಆಸೆ ಅಮ್ಮನದ್ದೋ ನಿಮ್ಮದೋ, ಅವರನ್ನೇ ಕೇಳಿದ್ದೀರಾ? ನಮ್ಮ ಸಂಬಂಧಿಕರಲ್ಲೇ ಹಿರಿಯರೊಬ್ಬರು ಇಂಥ ಪ್ರವಾಸದಲ್ಲಿ ಏಳು ಸ್ಥಳಗಳ ಪೈಕಿ ಐದರಲ್ಲಿ ಕಾರಿನಿಂದ ಇಳಿಯಲೇ ಇಲ್ಲ. ಮೊಣಕಾಲು ನೋವು. ಮಗನ ಸಂತೋಷಕ್ಕೆ ಕಲ್ಲೆಸೆಯಬಾರದೆಂದು ಬಾಯಿಬಿಡಲಿಲ್ಲ. ಕಾರಿಂಜದಲ್ಲಿ ಪಾರ್ವತಿಯ ಗುಡಿ ಬೆಟ್ಟದ ನಡುವಿನಲ್ಲಿದೆ, ಈಶ್ವರ ತುದಿಯಲ್ಲಿದ್ದಾನೆ. ಆ ಮೆಟ್ಟಿಲುಗಳನ್ನು ಎಪ್ಪತ್ತೈದರ ಜೀವ ಹತ್ತಬೇಕಾದರೆ ನಡುನಡುವೆ ಕೂರಬೇಕು, ಮಂಗಗಳನ್ನು ನೋಡಬೇಕು, ಉಸಿರು ತಿರುಗಿಸಿಕೊಳ್ಳಬೇಕು. ಅದಕ್ಕೆ ಅರ್ಧ ದಿನ ಬೇಕು. ಅರ್ಧ ದಿನವನ್ನು ಅಮ್ಮನಿಗೆ ಕೊಡಲಾಗದವರು ಹತ್ತು ದೇವರ ಹೆಸರು ಹೇಳಬಾರದು.

"ಏನೂ ನೋಡದಿರುವುದಕ್ಕಿಂತ ಸ್ವಲ್ಪ ನೋಡುವುದು ಮೇಲಲ್ಲವೇ?" ಇದು ಕೇಳಲು ಸರಿಯಾಗಿದೆ, ಅದಕ್ಕೇ ಅಪಾಯಕಾರಿ. ನೋಡದ ಊರಿನ ಬಗ್ಗೆ ಮಗುವಿಗೆ ಕುತೂಹಲವಿರುತ್ತದೆ. ಹತ್ತು ನಿಮಿಷ ನೋಡಿದ ಊರಿನ ಬಗ್ಗೆ "ಅದು ನೋಡಿ ಆಯ್ತು" ಎಂಬ ತೃಪ್ತಿಯಿರುತ್ತದೆ. ವೇಣೂರಿನ 35 ಅಡಿಯ ಬಾಹುಬಲಿಯನ್ನು 1604ರಲ್ಲಿ ತಿಮ್ಮಣ್ಣ ಅಜಿಲ ಏಕೆ ನಿಲ್ಲಿಸಿದ, ಕಾರ್ಕಳದ ಅರಸ ಏಕೆ ಅಡ್ಡಿಪಡಿಸಿದ, ಮೂರ್ತಿಯನ್ನು ಫಲ್ಗುಣಿಯ ಮರಳಿನಲ್ಲಿ ಹೂತಿಟ್ಟರೆಂಬ ಐತಿಹ್ಯವೇನು ಎಂಬುದನ್ನು ಕೇಳದೆ ನೋಡಿದ ಮಗುವಿಗೆ ಕಾರ್ಕಳ, ವೇಣೂರು, ಧರ್ಮಸ್ಥಳದ ಮೂರ್ತಿಗಳು ಮೂರೂ ಒಂದೇ. "ಸೇಮ್ ಸ್ಟ್ಯಾಚ್ಯೂ ಅಜ್ಜ!" ಎಂದು ಒಬ್ಬ ಮೊಮ್ಮಗ ನನಗೇ ಹೇಳಿದ್ದಾನೆ. ತಪ್ಪು ಮಗುವಿನದಲ್ಲ.

ಟೀಕಿಸಿ ಸುಮ್ಮನಾಗುವುದು ಮೇಷ್ಟ್ರಿಗೆ ಶೋಭಿಸುವುದಿಲ್ಲ. ಆದ್ದರಿಂದ ನನ್ನ ಪ್ಲಾನನ್ನೂ ಹೇಳುತ್ತೇನೆ. ಒಂದು ದಿನಕ್ಕೆ ಒಂದು ತಾಲ್ಲೂಕು. ಹೆಚ್ಚೆಂದರೆ ಎರಡು ಸ್ಥಳ, ಒಂದು ಮನೆ.

ಮೂಡುಬಿದಿರೆಗೆ ಹೋಗುವವರು ಬೆಳಗಿನ ಹೊತ್ತನ್ನು ಪೂರ್ತಿ ಸಾವಿರ ಕಂಬದ ಬಸದಿಗೆ ಕೊಡಿ. ಮಧ್ಯಾಹ್ನದ ಬಳಿಕ ಚೌಟರ ಅರಮನೆಯ ಮರದ ಕಂಬಗಳಲ್ಲಿ ಒಂಬತ್ತು ಹೆಂಗಸರು ಸೇರಿ ಆನೆಯಾದುದನ್ನೂ, ಐವರು ಸೇರಿ ಕುದುರೆಯಾದುದನ್ನೂ ಮಕ್ಕಳೇ ಕಂಡುಹಿಡಿಯಲಿ. ಬೆಳ್ತಂಗಡಿಯ ಕಡೆಗಾದರೆ ಧರ್ಮಸ್ಥಳ ಮತ್ತು ಸೂರ್ಯ. ಮಣ್ಣಿನ ಗೊಂಬೆಗಳನ್ನು ಹರಕೆಯಾಗಿ ಒಪ್ಪಿಸುವ ಆ ಕ್ಷೇತ್ರದಲ್ಲಿ ಜನ ಏನೇನನ್ನು ಬಯಸುತ್ತಾರೆಂಬುದನ್ನು ಮಣ್ಣೇ ಹೇಳುತ್ತದೆ. ಗಡಾಯಿಕಲ್ಲು ಬೇಕೆಂದರೆ ಅದೊಂದೇ. 1794ರಲ್ಲಿ ಟಿಪ್ಪು ಕಟ್ಟಿಸಿ ಜಮಲಾಬಾದ್ ಎಂದು ಕರೆದ ಕೋಟೆ ಅದು. ಈಗ ಕುದುರೆಮುಖ ರಾಷ್ಟ್ರೀಯ ಉದ್ಯಾನದ ವ್ಯಾಪ್ತಿಯಲ್ಲಿದೆ. ಅರಣ್ಯ ಇಲಾಖೆಯವರನ್ನು ವಿಚಾರಿಸಿಕೊಂಡು, ಮಳೆಯಿಲ್ಲದ ದಿನ, ಬೆಳಿಗ್ಗೆ ಬೇಗ, ಸಾಕಷ್ಟು ನೀರಿನೊಡನೆ ಹತ್ತಿ. ಬಂಟ್ವಾಳಕ್ಕಾದರೆ ಕಾರಿಂಜ, ನೇತ್ರಾವತಿಯ ದಂಡೆ. ಸಂಜೆ ಕಲ್ಲಡ್ಕದಲ್ಲಿ ಹಾಲು ಕೆಳಗೂ ಡಿಕಾಕ್ಷನ್ ಮೇಲೂ ನಿಂತ ಕೆ.ಟಿ. ಕುಡಿದು ಹಗಲಿರುವಾಗಲೇ ಮನೆ ಸೇರಿ.

'ಒಂದು ಮನೆ' ಎಂದೆನಲ್ಲ, ಅದನ್ನು ಬಿಡಬೇಡಿ. ಹಾದಿಯಲ್ಲಿ ದೊಡ್ಡಮ್ಮನೋ ಸೋದರಮಾವನೋ ಹಳೆಯ ಸಹಪಾಠಿಯೋ ಇದ್ದೇ ಇರುತ್ತಾರೆ. ಅಲ್ಲಿ ಒಂದು ಗಂಟೆ ಕುಳಿತು, ಕೊಟ್ಟ ನೀರುಬೆಲ್ಲವನ್ನು ಸಾವಕಾಶವಾಗಿ ತೆಗೆದುಕೊಳ್ಳಿ. ಚಾಲಕನನ್ನೂ ಒಳಗೆ ಕರೆದು ನಿಮ್ಮ ಜೊತೆಯಲ್ಲೇ ಊಟಕ್ಕೆ ಕೂರಿಸಿ, ಅರ್ಧ ಗಂಟೆ ಮಲಗಲು ಬಿಡಿ. ಉಳಿದ ಎಂಟು ಸ್ಥಳಗಳು ಎಲ್ಲಿಗೂ ಹೋಗುವುದಿಲ್ಲ. ಆದರೆ ಹಿರಿಯರು ಹೋಗುತ್ತಾರೆ. ಮುಂದಿನ ಡಿಸೆಂಬರಿಗೆ ಆ ಜಗಲಿಯಲ್ಲಿ ಯಾರಿರುತ್ತಾರೆ, ಯಾರಿರುವುದಿಲ್ಲ ಎಂದು ಯಾವ ಪ್ಲಾನೂ ಹೇಳಲಾರದು.

ಒಪ್ಪದವರು ಧಾರಾಳವಾಗಿ ವಾದಿಸಿ. ತರಗತಿಯಲ್ಲೂ ನಾನು ಅದನ್ನು ತಡೆದವನಲ್ಲ. ಆದರೆ ವಾದಿಸಲು ಬರುವಾಗ ಬಿಡುವು ಮಾಡಿಕೊಂಡು ಬನ್ನಿ; 42 ನಿಮಿಷ ಸಾಲದು.